ಓಡುವ ಗಾಡಿಗೆ ಗಂಟೆ ಕಟ್ಟುವವರು ಯಾರು?

ಭೀಮಾ ದಂಡೆಯ ಊರುಗಳಲ್ಲಿ ಗಾಲಿಯ ಗುರುತು ಓದಬಲ್ಲವರು ಇನ್ನೂ ಇದ್ದಾರೆ. ಜೇವರ್ಗಿ ತಾಲ್ಲೂಕಿನ ಒಂದು ಹೊಲದ ಬದುವಿನ ಮೇಲೆ ಅಂಥ ಮುತ್ತ್ಯಾ ಒಬ್ಬರು ನನಗೆ ಸಿಕ್ಕಿದ್ದರು. ಹಿಂದಿನ ಸಂಜೆ ನಾಲ್ಕು ಹನಿ ಮಳೆ ಬಿದ್ದಿತ್ತು. ಎರೆಮಣ್ಣಿನ ಬಂಡಿ ದಾರಿಯ ಮೇಲೆ ಅಚ್ಚು ಒತ್ತಿದಂತೆ ಟ್ರ್ಯಾಕ್ಟರಿನ ಗಾಲಿ ಮೂಡಿತ್ತು. ಮುತ್ತ್ಯಾ ಕುಕ್ಕರಗಾಲಿನಲ್ಲಿ ಕೂತು ನೋಡಿದರು.

‘ಹೋಗುವಾಗ ಖಾಲಿ ಹೋಗ್ಯಾದ್ರಿ. ಬರುವಾಗ ಉಸುಕು ತುಂಬಕೊಂಡು ಬಂದದ. ನೋಡ್ರಿ, ಈ ಗುರುತು ಎಷ್ಟು ಆಳ ಇಳದದ. ಎಡಗಡಿ ಹಿಂದಿನ ಗಾಲಿ ಸವದದ.’

‘ಯಾರ ಗಾಡಿ ಅಂತ ಗೊತ್ತಾಗ್ತದೇನು ಮುತ್ತ್ಯಾ?’

‘ಗೊತ್ತಾಗದೆ ಏನ್ರಿ? ಊರಾಗ ಎಲ್ಲಾರಿಗೂ ಗೊತ್ತದ.’

‘ಹಂಗಾದ್ರ ಹೇಳಬಾರದೇನು?’

ಅವರು ಎದ್ದು ಧೋತರ ಝಾಡಿಸಿಕೊಂಡರು. ‘ಹೇಳಿದ ಮ್ಯಾಲೂ ನಾ ಇದೇ ದಾರಿಲೆ ಹೊಲಕ್ಕ ಬರಬೇಕಲ್ರಿ ಸಾಹೇಬ್ರ’ ಎಂದರು. ಮಾತು ಅಲ್ಲಿಗೆ ಮುಗಿಯಿತು.

ಆ ಮಾತು ಮತ್ತೆ ನೆನಪಾದದ್ದು 2023ರ ಜೂನ್ ತಿಂಗಳಿನಲ್ಲಿ. ಜೇವರ್ಗಿ ತಾಲ್ಲೂಕಿನ ನೆಲೋಗಿ ಠಾಣೆಯ ಹೆಡ್ ಕಾನ್‌ಸ್ಟೆಬಲ್ ಒಬ್ಬರು ಅಕ್ರಮವಾಗಿ ಮರಳು ಸಾಗಿಸುತ್ತಿದ್ದ ಟ್ರ್ಯಾಕ್ಟರನ್ನು ತಡೆಯಲು ಹೋದರು. ಟ್ರ್ಯಾಕ್ಟರ್ ನಿಲ್ಲಲಿಲ್ಲ, ಅವರ ಮೇಲೆಯೇ ಹಾಯಿತು. ಅವರು ಬದುಕಲಿಲ್ಲ. ಪತ್ರಿಕೆಗಳು ಬರೆದವು, ಮಂತ್ರಿಗಳು ಮರುಗಿದರು, ಆರೋಪಿಗಳನ್ನು ಹುಡುಕಲಾಯಿತು. ಇದೆಲ್ಲ ಆಗಬೇಕಾದದ್ದೇ. ಆದರೆ ನನ್ನನ್ನು ಕಾಡಿದ ಪ್ರಶ್ನೆ ಬೇರೆ. ನಾಲ್ಕೈದು ಟನ್ ತೂಕದ, ಹಿಂದಿನ ಟ್ರೇಲರಿಗೆ ಬ್ರೇಕ್ ಇದೆಯೋ ಇಲ್ಲವೋ ಎಂಬ ಭರವಸೆಯೂ ಇಲ್ಲದ ಗಾಡಿಯ ಮುಂದೆ ನಿಂತು ಕೈ ತೋರಿಸುವುದನ್ನು ಬಿಟ್ಟು ಆ ಪೊಲೀಸಪ್ಪನ ಕೈಯಲ್ಲಿ ಬೇರೆ ಯಾವ ಉಪಾಯವಿತ್ತು?

ಓಡುವ ಗಾಡಿಯನ್ನು ಹಿಡಿಯಲು ಪೊಲೀಸರಿಗೆ ಹಳೆಯ ದಾರಿಗಳು ಎರಡೇ. ಒಂದು, ಎದುರಿಗೆ ನಿಲ್ಲುವುದು. ಇನ್ನೊಂದು, ಬೆನ್ನು ಹತ್ತುವುದು. ಎರಡರಲ್ಲೂ ಪ್ರಾಣ ಪಣಕ್ಕಿದೆ. ಬೆನ್ನು ಹತ್ತಿದರೆ ಮುಂದಿನವನು ಇನ್ನಷ್ಟು ಜೋರಾಗಿ ಓಡಿಸುತ್ತಾನೆ. ದಾರಿಯಲ್ಲಿ ಶಾಲೆ ಬಿಟ್ಟ ಮಕ್ಕಳಿರುತ್ತಾರೆ, ಕಬ್ಬಿನ ಬಂಡಿ ಇರುತ್ತದೆ, ಎಮ್ಮೆ ಅಡ್ಡ ಬರುತ್ತದೆ. ಕಳ್ಳ ಸಿಗುತ್ತಾನೋ ಇಲ್ಲವೋ, ಕಳವಿಗೆ ಸಂಬಂಧವೇ ಇಲ್ಲದ ಯಾರೋ ಆಸ್ಪತ್ರೆ ಸೇರುತ್ತಾರೆ.

ಮೂರನೆಯ ದಾರಿಯೊಂದನ್ನು ಅಮೆರಿಕದವರು ಹುಡುಕಿದರು. ಅಲ್ಲಿ ಪೊಲೀಸರ ಚೇಸು ಟೀವಿಯಲ್ಲಿ ನೇರ ಪ್ರಸಾರವಾಗುವಷ್ಟು ಮಾಮೂಲು. ಆ ಚೇಸುಗಳಿಗೆ ಹೆಸರಾದ ಲಾಸ್ ಏಂಜಲೀಸ್ ನಗರದ ಪೊಲೀಸರು 2006ರಲ್ಲಿ ‘ಸ್ಟಾರ್‌ಚೇಸ್’ ಎಂಬ ಸಾಧನವನ್ನು ಪರೀಕ್ಷೆಗೆ ತೆಗೆದುಕೊಂಡರು. ಪೊಲೀಸ್ ಕಾರಿನ ಮುಂಭಾಗದ ಜಾಲರಿಯ ಹಿಂದೆ ಒಂದು ಪುಟ್ಟ ಕೊಳವೆ. ಒಳಗಿನ ಗುಂಡಿ ಒತ್ತಿದರೆ ಮುಚ್ಚಳ ತೆರೆಯುತ್ತದೆ, ಲೇಸರ್ ಕಿರಣ ಗುರಿ ತೋರಿಸುತ್ತದೆ, ಒತ್ತಿಟ್ಟ ಗಾಳಿಯ ಬಲದಿಂದ ಒಂದು ‘ಗುಂಡು’ ಹಾರಿ ಮುಂದಿನ ಗಾಡಿಯ ಬೆನ್ನಿಗೆ ಅಂಟಿಕೊಳ್ಳುತ್ತದೆ. ಇದು ಕೊಲ್ಲುವ ಗುಂಡಲ್ಲ. ಮೂತಿಗೆ ಗೋಂದು ಬಳಿದ ಒಂದು ಡಬ್ಬಿ. ಅದರೊಳಗೆ ಬ್ಯಾಟರಿ, ಜಿಪಿಎಸ್ ಮತ್ತು ಮೊಬೈಲಿನಂಥ ಒಂದು ರೇಡಿಯೊ.

ಅಂಟಿತೋ, ಪೊಲೀಸರು ಏನು ಮಾಡುತ್ತಾರೆ ಗೊತ್ತೆ? ಹಿಂದೆ ಸರಿಯುತ್ತಾರೆ. ದೀಪ ಆರಿಸಿ, ಸೈರನ್ ನಿಲ್ಲಿಸಿ ಹಿಂದೆ ಉಳಿಯುತ್ತಾರೆ. ಹಿಂದೆ ಯಾರೂ ಇಲ್ಲವೆಂದು ಕಂಡ ಮೇಲೆ ಓಡುವವನೂ ವೇಗ ಇಳಿಸುತ್ತಾನೆ ಎಂಬುದು ಈ ಉಪಾಯದ ಹಿಂದಿರುವ ಲೆಕ್ಕ. ಕಂಟ್ರೋಲ್ ರೂಮಿನ ನಕ್ಷೆಯ ಮೇಲೆ ಅವನ ಚುಕ್ಕೆ ಚಲಿಸುತ್ತಲೇ ಇರುತ್ತದೆ. ಅವನು ಎಲ್ಲೋ ನಿಲ್ಲಿಸಿ ಇಳಿಯುವ ಹೊತ್ತಿಗೆ ಪೊಲೀಸರು ಸುತ್ತುಗಟ್ಟುತ್ತಾರೆ. ನಮ್ಮ ದನಗಾಹಿಗೆ ಇದು ಹೊಸ ವಿದ್ಯೆಯಲ್ಲ. ತುಡುಗು ದನದ ಹಿಂದೆ ಅವನು ಓಡುವುದಿಲ್ಲ, ಅದರ ಕೊರಳಿಗೆ ಗಂಟೆ ಕಟ್ಟಿ ಮರದ ನೆರಳಿಗೆ ಕೂರುತ್ತಾನೆ.

ಇನ್ನೊಂದು ಉಪಾಯ ಗಾಡಿಯ ಹೊಟ್ಟೆಯೊಳಗೇ ಇರುವಂಥದ್ದು. 2009ರ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯಾದ ವೈಸೇಲಿಯಾ ಎಂಬ ಊರಿನಲ್ಲಿ ಒಂದು ದೊಡ್ಡ ಕಾರು ಕಳುವಾಯಿತು. ಜನರಲ್ ಮೋಟಾರ್ಸ್ ಕಂಪನಿಯ ಆ ಕಾರಿನಲ್ಲಿ ‘ಆನ್‌ಸ್ಟಾರ್’ ಎಂಬ ವ್ಯವಸ್ಥೆ ಇತ್ತು. ಕಾರು ಎಲ್ಲಿದೆಯೆಂದು ಅದು ಹೇಳಿತು. ಪೊಲೀಸರ ಕೋರಿಕೆಯ ಮೇಲೆ ದೂರದಿಂದಲೇ ಎಂಜಿನ್ನಿನ ಶಕ್ತಿ ಇಳಿಸಲಾಯಿತು. ಎಷ್ಟು ತುಳಿದರೂ ಏರದ ಕಾರನ್ನು ಕಳ್ಳ ಬಿಟ್ಟು ಓಡಬೇಕಾಯಿತು.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಸರಿಪಡಿಸಬೇಕು. ‘ಮ್ಯಾಲಿಂದ ಸ್ಯಾಟಲೈಟು ಎಲ್ಲಾ ನೋಡ್ತದ’ ಎಂದು ಚಹಾದಂಗಡಿಯಲ್ಲಿ ಹೇಳುವುದನ್ನು ನೀವೂ ಕೇಳಿರಬಹುದು. ಜಿಪಿಎಸ್ ಉಪಗ್ರಹ ಯಾರನ್ನೂ ನೋಡುವುದಿಲ್ಲ. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತ, ‘ನಾನು ಇಲ್ಲಿದ್ದೇನೆ, ಈಗ ಸಮಯ ಇಷ್ಟು’ ಎಂದು ಸಾರುತ್ತಿರುವುದಷ್ಟೇ ಅದರ ಕೆಲಸ. ಅಂಥ ನಾಲ್ಕು ಉಪಗ್ರಹಗಳ ದನಿ ಕೇಳಿಸಿದರೆ, ಯಾವ ದನಿ ಎಷ್ಟು ತಡವಾಗಿ ಬಂತೆಂದು ಲೆಕ್ಕ ಹಾಕಿ ಗಾಡಿಯಲ್ಲಿರುವ ಚಿಪ್ಪು ತನ್ನ ಜಾಗ ಕಂಡುಕೊಳ್ಳುತ್ತದೆ. ಲೆಕ್ಕ ಬಹಳ ನಾಜೂಕು. ಗಡಿಯಾರ ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗ ತಪ್ಪಿದರೆ ದೂರ 300 ಮೀಟರ್ ತಪ್ಪುತ್ತದೆ. ಹೀಗೆ ಕಂಡುಕೊಂಡ ಜಾಗವನ್ನು ಬೇರೆಯವರಿಗೆ ತಿಳಿಸುವುದು ಉಪಗ್ರಹವಲ್ಲ, ಡಬ್ಬಿಯೊಳಗಿನ ಸಿಮ್ ಕಾರ್ಡು. ಅಂದರೆ ಮೊಬೈಲ್ ಟವರಿನ ಸಿಗ್ನಲ್ ಇಲ್ಲದ ಕಡೆ ಗಂಟೆ ಬಾರಿಸುತ್ತದೆ, ಕೇಳುವ ಕಿವಿ ಇರುವುದಿಲ್ಲ.

ನಮ್ಮ ದೇಶದಲ್ಲೂ ಗಂಟೆ ಕಟ್ಟುವ ಕೆಲಸ ಶುರುವಾಗಿ ವರ್ಷಗಳಾದವು. ಪ್ರಯಾಣಿಕರನ್ನು ಸಾಗಿಸುವ ವಾಹನಗಳಿಗೆ, ದೆಹಲಿಯ ನಿರ್ಭಯಾ ಪ್ರಕರಣದ ನಂತರ, ಜಾಗ ತೋರಿಸುವ ಸಾಧನ ಮತ್ತು ತುರ್ತು ಗುಂಡಿ ಇರಬೇಕೆಂದು ಕೇಂದ್ರ ಸಾರಿಗೆ ಸಚಿವಾಲಯ 2016ರಲ್ಲಿ ಅಧಿಸೂಚನೆ ಹೊರಡಿಸಿತು. ‘ಎಐಎಸ್ 140’ ಎಂಬುದು ಅದರ ಮಾನದಂಡ. ಈ ಸಾಧನದ ವೈರು ಕತ್ತರಿಸಿದರೆ ಅದು ದೂರು ಕೊಡುತ್ತದೆ. ಒಳಗೆ ತನ್ನದೇ ಬ್ಯಾಟರಿ ಇದೆ. ಸಿಗ್ನಲ್ ಇಲ್ಲದ ಕಡೆ ದಾರಿಯನ್ನು ನೆನಪಿಟ್ಟುಕೊಂಡು ಸಿಗ್ನಲ್ ಸಿಕ್ಕಾಗ ಒಪ್ಪಿಸುತ್ತದೆ. ನಮ್ಮ ಇಸ್ರೋದ ‘ನಾವಿಕ್’ ಉಪಗ್ರಹಗಳನ್ನೂ ಇಂಥ ಕೆಲಸಕ್ಕೆ ಬಳಸಲು ಸಾಧ್ಯವಿದೆ. ಪರ್ಮಿಟ್ ಪಡೆದು ಮರಳು, ಕಲ್ಲು ಸಾಗಿಸುವ ಲಾರಿಗಳಿಗೂ ಜಿಪಿಎಸ್ ಬೇಕೆಂಬುದು ನಮ್ಮ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ನಿಯಮ. 112ಕ್ಕೆ ಕರೆ ಮಾಡಿದರೆ ಬರುವ ಪೊಲೀಸ್ ಗಾಡಿಯಲ್ಲೂ ಅದು ಇದೆ.

ಈಗ ಪಟ್ಟಿಯನ್ನು ಇನ್ನೊಮ್ಮೆ ಓದಿ ನೋಡಿ. ಬಸ್ಸಿಗೆ ಗಂಟೆ ಇದೆ. ಪರ್ಮಿಟ್ ಇರುವ ಲಾರಿಗೆ ಇದೆ. ಪೊಲೀಸರ ಜೀಪಿಗೇ ಇದೆ. ಇಲ್ಲದಿರುವುದು ಒಂದಕ್ಕೇ: ಭೀಮೆಯ ಒಡಲಿನಿಂದ ಮಧ್ಯರಾತ್ರಿ ಏರಿ ಬರುವ ಟ್ರ್ಯಾಕ್ಟರಿಗೆ. ಕಾಗದದ ಮೇಲೆ ಅದು ಒಕ್ಕಲುತನದ ಗಾಡಿ, ಬಾಡಿಗೆ ವಾಹನವಲ್ಲ. ಆದ್ದರಿಂದ ಬಸ್ಸಿನ ನಿಯಮ ಅದಕ್ಕಿಲ್ಲ. ಪರ್ಮಿಟ್ ಕೇಳಿದ್ದರೆ ತಾನೆ ಮರಳಿನ ನಿಯಮ? ರಾಷ್ಟ್ರೀಯ ಹೆದ್ದಾರಿಯ ಟೋಲಿನಲ್ಲೂ ಟ್ರ್ಯಾಕ್ಟರಿಗೆ ಸಾಮಾನ್ಯವಾಗಿ ಶುಲ್ಕವಿಲ್ಲ, ಹಾಗಾಗಿ ಫಾಸ್ಟ್ಯಾಗಿನ ಜಾಡೂ ಇಲ್ಲ. ಟ್ರೇಲರಿಗೆ ಎಷ್ಟೋ ಸಲ ನಂಬರ್ ಪ್ಲೇಟೇ ಇರುವುದಿಲ್ಲ. ಪ್ರಾಮಾಣಿಕನ ಪ್ರತಿ ಹೆಜ್ಜೆಗೂ ಲೆಕ್ಕವಿದೆ, ಕಳ್ಳ ಮಾತ್ರ ನಕ್ಷೆಯ ಹೊರಗೆ ಉಳಿದಿದ್ದಾನೆ.

ಇನ್ನೂ ಒಂದು ಮಾತು. ಕಳ್ಳನ ಹತ್ತಿರವೂ ಒಂದು ಪತ್ತೆ ವ್ಯವಸ್ಥೆ ಇದೆ, ನಮ್ಮದಕ್ಕಿಂತ ಅಗ್ಗದ್ದು. ಠಾಣೆಯ ಎದುರಿನ ಪಾನ್ ಅಂಗಡಿಯಲ್ಲಿ ಒಬ್ಬ ಹುಡುಗ, ಕ್ರಾಸಿನಲ್ಲಿ ಮೋಟಾರ್‌ಸೈಕಲ್ ಮೇಲೆ ಇನ್ನೊಬ್ಬ, ಇಬ್ಬರ ಕೈಯಲ್ಲೂ ಮೊಬೈಲು. ಜೀಪು ಗೇಟು ದಾಟುವ ಮೊದಲೇ ನದಿಗೆ ಸುದ್ದಿ ಮುಟ್ಟುತ್ತದೆ. ಪೊಲೀಸರು ಕಳ್ಳನನ್ನು ಹಿಂಬಾಲಿಸುತ್ತಿದ್ದಾರೋ, ಕಳ್ಳ ಪೊಲೀಸರನ್ನೋ ಎಂದು ಒಮ್ಮೊಮ್ಮೆ ಅನುಮಾನ ಬರುತ್ತದೆ.

ಹಾಗಾದರೆ ಆ ಅಂಟುವ ಗುಂಡನ್ನೇ ನಮ್ಮ ಠಾಣೆಗಳಿಗೂ ಕೊಡಬಾರದೆ? ಕೊಡಬಹುದು, ಆದರೆ ಕಣ್ಣು ತೆರೆದು ಕೊಡಬೇಕು. ಗುಂಡು ಹಾರಿಸಲು ಗಾಡಿಯ ಬೆನ್ನಿಗೆ ಹತ್ತಿರ ಇರಬೇಕು. ಅಮೆರಿಕದ ಕಾರಿನ ನುಣುಪು ತಗಡಿಗೆ ಹಿಡಿಯುವ ಅಂಟು, ಒದ್ದೆ ಮರಳು ಸೋರುವ, ಎರೆಮಣ್ಣು ಮೆತ್ತಿದ ಟ್ರೇಲರಿಗೆ ಹಿಡಿಯುವುದು ಕಷ್ಟ. ನದಿಪಾತ್ರದಲ್ಲಿ ಸಿಗ್ನಲ್ಲಿನ ತೊಂದರೆ ಬೇರೆ. ಗಡಿಯ ಪ್ರಶ್ನೆಯೂ ಇದೆ. ಆಳಂದ ಮತ್ತು ಅಫಜಲಪುರ ಮಹಾರಾಷ್ಟ್ರಕ್ಕೆ ಹೊಂದಿಕೊಂಡ ತಾಲ್ಲೂಕುಗಳು. ಗಾಡಿಯೊಂದು ಅಕ್ಕಲಕೋಟೆಯ ಕಡೆಗೋ ಉಮರ್ಗಾದ ಕಡೆಗೋ ತಿರುಗಿತೆಂದರೆ ರಾಜ್ಯವೇ ಬದಲಾಗುತ್ತದೆ. ಕಾನೂನಿನ ಪ್ರಕಾರ ಅಪರಾಧಿಯನ್ನು ದೇಶದ ಯಾವ ಮೂಲೆಗಾದರೂ ಬೆನ್ನಟ್ಟಬಹುದು. ವ್ಯವಹಾರದಲ್ಲಿ ಅದು ಅಷ್ಟು ಸಲೀಸಲ್ಲ. 2022ರ ಸೆಪ್ಟೆಂಬರಿನಲ್ಲಿ ಗಾಂಜಾ ಜಾಡು ಹಿಡಿದು ಗಡಿ ದಾಟಿದ ಕಮಲಾಪುರದ ಇನ್‌ಸ್ಪೆಕ್ಟರರ ಮೇಲೆ ಗುಂಪೊಂದು ಬಿದ್ದು ಅವರನ್ನು ಸಾಯುವಂತೆ ಹೊಡೆದದ್ದು ಈ ಭಾಗದವರಿಗೆ ನೆನಪಿದೆ. ನಕ್ಷೆಯ ಮೇಲಿನ ಚುಕ್ಕೆಗೆ ಗಡಿಯ ಹಂಗಿಲ್ಲ, ನಿಜ. ಆದರೆ ಆ ಚುಕ್ಕೆಯನ್ನು ಆಚೆಯ ಠಾಣೆಗೆ ಒಪ್ಪಿಸುವ, ಅವರು ಅದನ್ನು ನಂಬಿ ಹೊರಡುವ ರೂಢಿಯೂ ಬೇಕು.

ಗಂಟೆ ಕಟ್ಟುವ ಅಧಿಕಾರ ಯಾರಿಗೆ ಎಂಬುದನ್ನೂ ಕೇಳಲೇಬೇಕು. ಅಮೆರಿಕದಲ್ಲಿ ಪೊಲೀಸರು ಜೋನ್ಸ್ ಎಂಬಾತನ ಜೀಪಿಗೆ ಗುಟ್ಟಾಗಿ ಜಿಪಿಎಸ್ ಅಂಟಿಸಿ 28 ದಿನ ಹಿಂಬಾಲಿಸಿದ್ದರು. ಹಾಗೆ ಅಂಟಿಸುವುದು ಮನೆ ಶೋಧಿಸಿದಂತೆ ಒಂದು ‘ಶೋಧ’ವೇ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 2012ರಲ್ಲಿ ಹೇಳಿತು. ನಮ್ಮಲ್ಲಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಹೂಡಿದ್ದ ದಾವೆಯಲ್ಲಿ, ಖಾಸಗಿತನ ಮೂಲಭೂತ ಹಕ್ಕು ಎಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರಲ್ಲಿ ತೀರ್ಪಿತ್ತಿತು. ಜಾಮೀನಿನ ಮೇಲೆ ಹೊರಬಂದವನು ತನ್ನ ಜಾಗವನ್ನು ಮೊಬೈಲ್ ನಕ್ಷೆಯಲ್ಲಿ ಪೊಲೀಸರಿಗೆ ಸದಾ ತೋರಿಸುತ್ತಿರಬೇಕೆಂಬ ಷರತ್ತು ಸಲ್ಲದೆಂದು ನಮ್ಮ ಸುಪ್ರೀಂ ಕೋರ್ಟ್ 2024ರ ಜುಲೈಯಲ್ಲಿ ಹೇಳಿತು. ಕಣ್ಣೆದುರು ತಪ್ಪಿಸಿಕೊಂಡು ಓಡುತ್ತಿರುವ ಗಾಡಿಗೆ ಆ ಗಳಿಗೆಗೆ ಗಂಟೆ ಕಟ್ಟುವುದು ಬೇರೆ. ಊರಿನ ಎಲ್ಲ ಟ್ರ್ಯಾಕ್ಟರುಗಳ ಕೊರಳಿಗೂ ವರ್ಷವಿಡೀ ಕಟ್ಟಿ, ಯಾರು ಯಾರ ಮನೆಗೆ ಹೋದರೆಂದು ಬರೆದಿಡುವುದು ಬೇರೆ. ಮೊದಲನೆಯದಕ್ಕೆ ಹೂಂ ಅನ್ನುವ ನಾನು ಎರಡನೆಯದಕ್ಕೆ ಹೂಂ ಅನ್ನಲಾರೆ.

ಇಷ್ಟೆಲ್ಲ ಮಿತಿಗಳಿದ್ದರೂ ಈ ವಿದ್ಯೆ ನಮಗೆ ಬೇಕು ಎಂದೇ ನನ್ನ ಅಭಿಪ್ರಾಯ. ಎಷ್ಟು ಕಳ್ಳರು ಸಿಕ್ಕರು ಎಂಬುದರಿಂದ ಅದರ ಬೆಲೆ ಕಟ್ಟಬಾರದು. ಎಷ್ಟು ಪೊಲೀಸರು ಗಾಲಿಯ ಮುಂದೆ ನಿಲ್ಲುವುದು ತಪ್ಪಿತು ಎಂಬುದರಿಂದ ಕಟ್ಟಬೇಕು. ‘ಇವತ್ತು ಹೋಗಲಿ ಬಿಡು, ಎಲ್ಲಿ ಹೋಗುತ್ತಾನೆಂದು ಗೊತ್ತಿದೆ’ ಎಂದು ಹೇಳಿ ರಸ್ತೆಯ ಬದಿಗೆ ಸರಿಯುವ ಸ್ವಾತಂತ್ರ್ಯ ರಾತ್ರಿ ಪಾಳಿಯ ಹೆಡ್ ಕಾನ್‌ಸ್ಟೆಬಲ್‌ಗೆ ಸಿಗಬೇಕು. ಟ್ರ್ಯಾಕ್ಟರ್ ತಪ್ಪಿಸಿಕೊಂಡರೆ ನಾಳೆ ಹಿಡಿಯಬಹುದು. ಅದರ ಗಾಲಿಗೆ ಸಿಕ್ಕ ಮನುಷ್ಯ ನಾಳೆ ಮನೆಗೆ ಬರುವುದಿಲ್ಲ.

ಆದರೆ ಒಂದು ವಿಷಯದಲ್ಲಿ ಯಂತ್ರ ನಮ್ಮ ನೆರವಿಗೆ ಬಾರದು. ಗಾಡಿ ಯಾರದೆಂದು ಎರೆಮಣ್ಣು ಓದಿ ಹೇಳಬಲ್ಲ ಮುತ್ತ್ಯಾನಿಗೆ ಉಪಗ್ರಹದ ಅಗತ್ಯವಿರಲಿಲ್ಲ. ಹೊಲದ ಬಾವಿ ಯಾಕೆ ಒಣಗುತ್ತಿದೆ, ನದಿಯ ಮರಳು ಹೋದರೆ ನೀರು ಯಾಕೆ ನಿಲ್ಲುವುದಿಲ್ಲ ಎಂಬುದೂ ಅವರಿಗೆ ತಿಳಿದಿತ್ತು. ಊರಿಗೆ ಊರೇ ಬಲ್ಲ ಸಂಗತಿಯನ್ನು ಹೇಳಿದವನು ಮರುದಿನ ಅದೇ ದಾರಿಯಲ್ಲಿ ನಿರ್ಭಯವಾಗಿ ಹೊಲಕ್ಕೆ ಹೋಗಿಬರುವಂತೆ ಮಾಡುವುದು ಮೊದಲ ಕೆಲಸ. ಅದಾಗದೆ ಕಂಟ್ರೋಲ್ ರೂಮಿನ ನಕ್ಷೆಯ ಮೇಲೆ ನೂರು ಚುಕ್ಕೆಗಳು ಓಡಾಡಿದರೂ, ಅವುಗಳನ್ನು ನೋಡಿಯೂ ನೋಡದಂತೆ ಇರುವುದು ಬಹಳ ಸುಲಭ.

ಗಂಟೆಯ ಸದ್ದು ಕೇಳಿದ ಮೇಲೆ ಎದ್ದು ಹೋಗಬೇಕಾದವನು ದನಗಾಹಿಯೇ ತಾನೆ?