ಮೊದಲು ಪರೀಕ್ಷೆ, ಆಮೇಲೆ ಸೂಜಿ



ನಮ್ಮ ರಾಯಕೋಟೆ ಸೀಮೆಯಲ್ಲಿ ಹಸು ಕಂದು ಹಾಕಿದರೆ ಮನೆಯವರು ಏನು ಮಾಡುತ್ತಾರೆಂದು ನಿಮಗೆಲ್ಲ ಗೊತ್ತು. ಒಂದು ಸಲವಾದರೆ ಹೋಗಲಿ ಎನ್ನುತ್ತಾರೆ. ಇನ್ನೊಂದು ಸಲವಾದರೆ ದನದ ಡಾಕ್ಟರನ್ನು ಕರೆಸುತ್ತಾರೆ. ಅವರು ಹಸುವಿನ ರಕ್ತ ತೆಗೆದು, ಬ್ರುಸೆಲ್ಲಾ ರೋಗವಿದೆಯೇ ಎಂದು ಪರೀಕ್ಷೆಗೆ ಕಳಿಸುತ್ತಾರೆ. ಹಸುವನ್ನು ಯಾರೂ ಬೈಯುವುದಿಲ್ಲ. ಅದೇ ಮನೆಯ ಸೊಸೆಗೆ ಎರಡು ಮೂರು ಸಲ ಗರ್ಭಸ್ರಾವವಾದರೆ ಮಾತ್ರ, ಯಾರ ಕಣ್ಣು ಬಿತ್ತು, ಯಾವ ಪಾಪ ಸುತ್ತಿಕೊಂಡಿತು, ಇವಳು ಭಾರ ಎತ್ತಿದಳೇ, ಪಪ್ಪಾಯಿ ತಿಂದಳೇ ಎಂದು ವಿಚಾರಣೆ ಶುರುವಾಗುತ್ತದೆ. ಹಸುವಿಗೆ ಸಿಗುವ ನ್ಯಾಯ ನಮ್ಮ ಹೆಣ್ಣುಮಕ್ಕಳಿಗೆ ಸಿಗುತ್ತಿಲ್ಲ ಎಂಬುದೇ ಈ ಲೇಖನಕ್ಕೆ ಕಾರಣ.

ಟೊಮ್ಯಾಟೊ ಬೆಳೆಯುವ ಒಂದು ಕುಟುಂಬದ ಕಥೆಯನ್ನು ಅವರ ಒಪ್ಪಿಗೆ ಪಡೆದೇ ಹೇಳುತ್ತೇನೆ, ಹೆಸರು ಬೇಡ. ಆ ತಾಯಿಗೆ ಎರಡು ಸಲ ಗರ್ಭ ನಿಲ್ಲಲಿಲ್ಲ. ಮೂರನೆಯ ಸಲ ಗರ್ಭ ನಿಂತ ಕೂಡಲೇ ಪಟ್ಟಣದ ಒಬ್ಬ ವೈದ್ಯರು ಯಾವ ಪರೀಕ್ಷೆಯನ್ನೂ ಮಾಡಿಸದೆ, ರಕ್ತ ತೆಳುವಾಗಿಸುವ ಸೂಜಿಯನ್ನು ದಿನಕ್ಕೊಂದರಂತೆ ಬರೆದುಕೊಟ್ಟರು. ಒಂದೊಂದಕ್ಕೂ ನೂರಾರು ರೂಪಾಯಿ. ಆ ವರ್ಷ ಮಾರುಕಟ್ಟೆಯಲ್ಲಿ ಟೊಮ್ಯಾಟೊಗೆ ಬೆಲೆ ಇರಲಿಲ್ಲ. ಕರೆಯುವ ಎರಡು ಹಸುಗಳನ್ನು ಮಾರಿದರು. ಹತ್ತನೆಯ ವಾರದಲ್ಲಿ ಆ ಗರ್ಭವೂ ಉಳಿಯಲಿಲ್ಲ. "ಸ್ವಾಮಿ, ಇಷ್ಟು ಖರ್ಚು ಮಾಡಿದರೂ ನಿಲ್ಲಲಿಲ್ಲವಲ್ಲ, ಇವಳ ಹಣೆಬರಹವೇ ಸರಿಯಿಲ್ಲ" ಎಂದು ಅತ್ತೆ ನನ್ನ ಮುಂದೆಯೇ ಹೇಳಿದರು. ಸೊಸೆ ತಲೆ ತಗ್ಗಿಸಿ ನಿಂತಿದ್ದಳು. ಬೇರೊಂದು ಆಸ್ಪತ್ರೆಯಲ್ಲಿ ಪರೀಕ್ಷಿಸಿದಾಗ, ಆ ಸೂಜಿಯ ಅಗತ್ಯವನ್ನು ತೋರಿಸುವ ಯಾವ ದೋಷವೂ ಅವಳ ರಕ್ತದಲ್ಲಿ ಇರಲಿಲ್ಲ. ಇದ್ದದ್ದು ಥೈರಾಯ್ಡ್ ಗ್ರಂಥಿಯ ಕೊರತೆ. ಅದನ್ನು ಯಾರೂ ನೋಡಿರಲಿಲ್ಲ. ಈಗ ಅದಕ್ಕೆ ಮಾತ್ರೆ ನಡೆಯುತ್ತಿದೆ.

ಹಾಗಾದರೆ ಈ ಸೂಜಿ ಮೋಸವೇ? ಖಂಡಿತ ಅಲ್ಲ. ತಕ್ಕವರಿಗೆ ಅದು ದೇವರು ಕೊಟ್ಟ ವರ. ಇದರ ಹೆಸರು ಹೆಪಾರಿನ್. 1916ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಜೇ ಮೆಕ್ಲೀನ್ ಎಂಬ ವಿದ್ಯಾರ್ಥಿಯ ಕೆಲಸದಿಂದ ಇದರ ಸುಳಿವು ಸಿಕ್ಕಿತು. ನಾಯಿಯ ಪಿತ್ತಜನಕಾಂಗದಿಂದ ಮೊದಲು ತೆಗೆದದ್ದರಿಂದ ಆ ಅಂಗದ ಗ್ರೀಕ್ ಹೆಸರೇ ಇದಕ್ಕೆ ಬಂತು. ಈಗ ಬಹುಪಾಲು ಹಂದಿಯ ಕರುಳಿನ ಒಳಪದರದಿಂದ ತಯಾರಾಗುತ್ತದೆ. ಇಂದು ಗರ್ಭಿಣಿಯರಿಗೆ ಹೆಚ್ಚಾಗಿ ಕೊಡುವ ಎನಾಕ್ಸಪಾರಿನ್, ಡಾಲ್ಟೆಪಾರಿನ್ ಇದರ ಹಗುರವಾದ ರೂಪಗಳು.

ಕೆಲವು ತಾಯಂದಿರ ರಕ್ತದಲ್ಲಿ, ರೋಗಾಣುಗಳ ಮೇಲೆ ಯುದ್ಧ ಮಾಡಬೇಕಾದ ಪ್ರತಿಕಾಯಗಳು ದಾರಿ ತಪ್ಪಿ ಸ್ವಂತ ದೇಹದ ಮೇಲೆಯೇ ತಿರುಗಿ ಬೀಳುತ್ತವೆ. ಆಗ ರಕ್ತ ಬೇಗ ಹೆಪ್ಪುಗಟ್ಟುತ್ತದೆ, ಮಾಸು ಗರ್ಭಕೋಶದಲ್ಲಿ ಸರಿಯಾಗಿ ಬೇರೂರುವುದಿಲ್ಲ. ಕಾಲುವೆಯಲ್ಲಿ ಹೂಳು ತುಂಬಿದರೆ ಬೆಳೆಗೆ ನೀರು ಹೋಗದ ಹಾಗೆ ಮಗುವಿಗೆ ಆಹಾರ ತಲುಪುವುದಿಲ್ಲ. ಈ ಕಾಯಿಲೆಗೆ ಆಂಟಿಫಾಸ್ಫೋಲಿಪಿಡ್ ಸಿಂಡ್ರೋಮ್ ಎಂದು ಹೆಸರು. ಲಂಡನ್ನಿನ ವೈದ್ಯ ಗ್ರಹಾಂ ಹ್ಯೂಸ್ 1983ರಲ್ಲಿ ಇದನ್ನು ವಿವರಿಸಿದರು. 1997ರಲ್ಲಿ ಇಂಗ್ಲೆಂಡಿನಲ್ಲಿ ಈ ದೋಷವಿದ್ದ, ಪದೇಪದೇ ಗರ್ಭ ಕಳೆದುಕೊಂಡಿದ್ದ 90 ಸ್ತ್ರೀಯರ ಅಧ್ಯಯನ ಪ್ರಕಟವಾಯಿತು. ಬರೀ ಆಸ್ಪಿರಿನ್ ಮಾತ್ರೆ ಪಡೆದವರಲ್ಲಿ ನೂರಕ್ಕೆ 42 ಮಂದಿಗೆ ಜೀವಂತ ಮಗು ಹುಟ್ಟಿತು. ಆಸ್ಪಿರಿನ್ ಜೊತೆಗೆ ಹೆಪಾರಿನ್ ಸೂಜಿಯನ್ನೂ ಪಡೆದವರಲ್ಲಿ ನೂರಕ್ಕೆ 71. ಇದು ಸಣ್ಣ ಲಾಭವಲ್ಲ.

ಆದರೆ ಈ ದೋಷ ಇಲ್ಲದವರಿಗೆ? ನೆದರ್ಲೆಂಡ್ಸ್‌ನಲ್ಲಿ ಕಾರಣ ತಿಳಿಯದೆ ಗರ್ಭ ಕಳೆದುಕೊಂಡಿದ್ದ 364 ಸ್ತ್ರೀಯರ ಮೇಲೆ ನಡೆದ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಸೂಜಿ ಮತ್ತು ಆಸ್ಪಿರಿನ್ ಪಾಲಿಗೆ ಬಂದವರಲ್ಲಿ ನೂರಕ್ಕೆ ಸುಮಾರು 55 ಮಂದಿಗೆ ಮಗು ಹುಟ್ಟಿತು. ಔಷಧವೇ ಇಲ್ಲದ ಮಾತ್ರೆ ಪಾಲಿಗೆ ಬಂದವರಲ್ಲಿ ನೂರಕ್ಕೆ 57! ಹುಟ್ಟಿನಿಂದಲೇ ರಕ್ತ ಹೆಪ್ಪುಗಟ್ಟುವ ಗುಣ ಹೆಚ್ಚಾಗಿದ್ದು, ಎರಡು ಅಥವಾ ಹೆಚ್ಚು ಸಲ ಗರ್ಭ ಕಳೆದುಕೊಂಡಿದ್ದ 326 ಸ್ತ್ರೀಯರ ಇನ್ನೊಂದು ಅಧ್ಯಯನ 2023ರಲ್ಲಿ ಬಂತು. ಸೂಜಿ ಪಡೆದವರಲ್ಲಿ ನೂರಕ್ಕೆ 72, ಪಡೆಯದವರಲ್ಲಿ 71. ಅಂದರೆ ಸೂಜಿಯಿಂದ ವ್ಯತ್ಯಾಸವಾಗಲಿಲ್ಲ. ಇದರಲ್ಲೊಂದು ಸಮಾಧಾನವೂ ಇದೆ. ಕಾರಣ ಸಿಗದೆ ಹೋದರೂ ಅರ್ಧಕ್ಕಿಂತ ಹೆಚ್ಚು ತಾಯಂದಿರು ಮುಂದಿನ ಸಲ ಮಗುವನ್ನು ಎತ್ತಿಕೊಳ್ಳುತ್ತಾರೆ.

"ಕೊಟ್ಟರೆ ನಷ್ಟವೇನು ಸ್ವಾಮಿ, ಒಂದು ವೇಳೆ ಫಲಿಸಿದರೆ?" ಎಂದು ಕೇಳುವವರಿದ್ದಾರೆ. ಈ ಪ್ರಶ್ನೆಯ ಹಿಂದಿರುವ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ನಷ್ಟವಿದೆ. ದಿನಕ್ಕೊಂದು ಸೂಜಿ ಎಂದರೆ ಎಂಟು ತಿಂಗಳಿಗೆ 240 ಸೂಜಿ, ಅಷ್ಟು ಸಾಲ. ಹೊಟ್ಟೆಯ ತುಂಬ ಕಂದಿದ ಗುರುತು, ರಕ್ತಸ್ರಾವದ ಅಪಾಯ. ಎಲ್ಲಕ್ಕಿಂತ ದೊಡ್ಡ ನಷ್ಟವೆಂದರೆ ನಿಜವಾದ ಕಾರಣವನ್ನು ಹುಡುಕುವುದು ನಿಂತುಹೋಗುತ್ತದೆ. ಟೊಮ್ಯಾಟೊ ಗಿಡ ಬಾಡಿದಾಗ ಬೇರು ನೋಡದೆ, ಎಲೆ ನೋಡದೆ ಅಂಗಡಿಯವನು ಕೊಟ್ಟ ಔಷಧವನ್ನೆಲ್ಲ ಹೊಡೆಯುವ ರೈತನನ್ನು ನಾವು ಜಾಣ ಎನ್ನುತ್ತೇವೆಯೇ?

ಇದಕ್ಕೆ ವಿರುದ್ಧವಾದ ತಪ್ಪೂ ನಮ್ಮಲ್ಲಿದೆ. ಪರೀಕ್ಷೆಯಲ್ಲಿ ದೋಷ ಖಚಿತವಾದ ಒಬ್ಬ ಗರ್ಭಿಣಿಯ ಮನೆಯವರು, "ಇದು ಇಲಿಪಾಷಾಣದ ಔಷಧವಂತೆ, ಮಗುವಿನ ರಕ್ತವೆಲ್ಲ ಸೋರಿಹೋಗುತ್ತದಂತೆ. ಸೂಜಿ ನಿಲ್ಲಿಸಿ ಪ್ರಾರ್ಥನೆ ಮಾಡಿಸಿದರೆ ಸಾಲದೇ ಸ್ವಾಮಿ?" ಎಂದು ಕೇಳಿದರು. ಇಲಿಪಾಷಾಣದ ಮಾತು ಎಲ್ಲಿಂದ ಬಂತೆಂದು ಹೇಳಿಬಿಡುತ್ತೇನೆ. 1920ರ ದಶಕದಲ್ಲಿ ಕೆನಡಾ ಮತ್ತು ಅಮೆರಿಕದಲ್ಲಿ ಬೂಷ್ಟು ಹಿಡಿದ ಒಂದು ಬಗೆಯ ಮೇವು ತಿಂದ ದನಗಳು ರಕ್ತ ಸೋರಿ ಸತ್ತವು. ಅದರ ಬೆನ್ನು ಹತ್ತಿದ ವಿಜ್ಞಾನಿಗಳಿಂದ ವಾರ್ಫರಿನ್ ಎಂಬ ಔಷಧ ಬಂತು. 1948ರಲ್ಲಿ ಇಲಿ ಕೊಲ್ಲಲು, 1954ರಿಂದ ಮನುಷ್ಯರ ಚಿಕಿತ್ಸೆಗೆ ಅದು ಬಳಕೆಯಾಯಿತು. ವಾರ್ಫರಿನ್ ಮಾಸನ್ನು ದಾಟಿ ಮಗುವನ್ನು ತಲುಪುತ್ತದೆ, ಹಾನಿಯನ್ನೂ ಮಾಡಬಹುದು. ಹೆಪಾರಿನ್ ಬೇರೆಯೇ ಔಷಧ. ಅದು ಮಾಸನ್ನು ದಾಟುವುದಿಲ್ಲ. ಆದ್ದರಿಂದಲೇ ಗರ್ಭಿಣಿಯರಿಗೆ ಅದನ್ನು ಆರಿಸುತ್ತಾರೆ. ಆ ಮನೆಯವರಿಗೆ ನಾನು ಹೇಳಿದ್ದು ಇಷ್ಟೇ: ಪ್ರಾರ್ಥನೆಯನ್ನೂ ಮಾಡೋಣ, ಸೂಜಿಯನ್ನೂ ಹಾಕಿಸಿಕೊಳ್ಳಲಿ. ವೈದ್ಯರನ್ನು ಗೌರವಿಸಬೇಕು, ಔಷಧವನ್ನು ತಿರಸ್ಕರಿಸಬಾರದು ಎಂಬುದು ಸಿರಾಖನ ಗ್ರಂಥದ 38ನೆಯ ಅಧ್ಯಾಯದ ಬೋಧನೆ.

ನೆನಪಿಡಬೇಕಾದ ಕೆಲವು ಮಾತುಗಳು:

1. ಪದೇಪದೇ ಗರ್ಭ ಹೋದರೆ, ಮುಂದಿನ ಗರ್ಭಕ್ಕೆ ಮೊದಲೇ ದೊಡ್ಡ ಆಸ್ಪತ್ರೆಯ ಸ್ತ್ರೀರೋಗ ತಜ್ಞರನ್ನು ಕಾಣಿರಿ. ಪ್ರತಿಕಾಯಗಳ ರಕ್ತಪರೀಕ್ಷೆಯಲ್ಲಿ ದೋಷ ಕಂಡರೆ ಕನಿಷ್ಠ 12 ವಾರಗಳ ಅಂತರದಲ್ಲಿ ಮತ್ತೊಮ್ಮೆ ಮಾಡಿಸಬೇಕು. ಒಂದು ಸಲ ಕಂಡದ್ದು ಸಾಲದು.

2. ಥೈರಾಯ್ಡ್, ಸಕ್ಕರೆ ಕಾಯಿಲೆ, ಗರ್ಭಕೋಶದ ಆಕಾರ ಇವುಗಳನ್ನೂ ನೋಡಲಿ. ವೈದ್ಯರು ಹೇಳಿದರೆ ಗಂಡನೂ ರಕ್ತ ಕೊಡಬೇಕು. ಇದು ಹೆಂಡತಿಯೊಬ್ಬಳ ವಿಷಯವಲ್ಲ.

3. ಸೂಜಿ ಬರೆದುಕೊಟ್ಟರೆ, "ಯಾವ ಪರೀಕ್ಷೆಯ ಆಧಾರದ ಮೇಲೆ, ಡಾಕ್ಟರೇ?" ಎಂದು ವಿನಯದಿಂದ ಕೇಳಿರಿ. ಕೇಳುವುದು ಅವಮಾನವಲ್ಲ.

4. ಸೂಜಿ ನಡೆಯುತ್ತಿರುವಾಗ ನೀವಾಗಿ ನಿಲ್ಲಿಸಬೇಡಿರಿ. ಚುಚ್ಚಿದ ಜಾಗವನ್ನು ಉಜ್ಜಬೇಡಿರಿ. ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗಬೇಡಿರಿ. ರಕ್ತ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿರಿ. ಹೆರಿಗೆಗೆ ಸೇರಿದ ಕೂಡಲೇ, ಕೊನೆಯ ಸೂಜಿ ಎಷ್ಟು ಗಂಟೆಗೆ ಹಾಕಿದ್ದೆಂದು ತಿಳಿಸಿರಿ.

5. ಹೃದಯದ ಕವಾಟಕ್ಕಾಗಿ ವಾರ್ಫರಿನ್ ನುಂಗುವ ಸ್ತ್ರೀಯರು ಗರ್ಭದ ಯೋಚನೆ ಬಂದಾಗಲೇ ವೈದ್ಯರಿಗೆ ಹೇಳಬೇಕು. ತಾವಾಗಿ ನಿಲ್ಲಿಸುವುದು ಜೀವಕ್ಕೇ ಅಪಾಯ.

6. ಹಸು ಕಂದು ಹಾಕಿದಾಗ ಬರಿಗೈಯಲ್ಲಿ ಮುಟ್ಟಬೇಡಿರಿ, ಗರ್ಭಿಣಿಯರಂತೂ ಹತ್ತಿರ ಹೋಗಬಾರದು. ಹಾಲು ಕಾಯಿಸದೆ ಕುಡಿಯಬೇಡಿರಿ. ಬ್ರುಸೆಲ್ಲಾ ಮನುಷ್ಯರಿಗೂ ಅಂಟುತ್ತದೆ. 4ರಿಂದ 8 ತಿಂಗಳೊಳಗಿನ ಹೆಣ್ಣು ಕರುಗಳಿಗೆ ಲಸಿಕೆ ಹಾಕಿಸಿರಿ.

ಕೊನೆಯದಾಗಿ ಅತ್ತೆಯಂದಿರಿಗೆ ಮತ್ತು ಗಂಡಂದಿರಿಗೆ ಒಂದು ಮಾತು. ಹುಟ್ಟುಕುರುಡನನ್ನು ಕಂಡು ಶಿಷ್ಯರು ಇದು ಯಾರ ಪಾಪ ಎಂದು ಕೇಳಿದಾಗ, ಇವನದೂ ಅಲ್ಲ, ಇವನ ತಂದೆತಾಯಿಗಳದೂ ಅಲ್ಲ ಎಂದು ಯೇಸುಸ್ವಾಮಿ ತಿಳಿಸಿದರು. ಗರ್ಭಸ್ರಾವಕ್ಕೂ ಇದೇ ಉತ್ತರ. 2004ರಲ್ಲಿ ಸಂತ ಪದವಿಗೇರಿದ ಇಟಲಿಯ ಜಿಯಾನ್ನಾ ಬೆರೆಟ್ಟಾ ಮೊಲ್ಲಾ ಸ್ವತಃ ವೈದ್ಯೆ. ಅವರಿಗೂ ಎರಡು ಸಲ ಗರ್ಭಸ್ರಾವವಾಗಿತ್ತು. ಅದು ಅವರ ಪವಿತ್ರತೆಗೆ ಕುಂದಾಗಲಿಲ್ಲ.

ಮಗುವನ್ನು ಕಳೆದುಕೊಂಡ ಕುಟುಂಬಗಳು ನವೆಂಬರ್ 2ರ ಮೃತರ ಸ್ಮರಣೆಯ ದಿನದವರೆಗೆ ಕಾಯಬೇಕಾಗಿಲ್ಲ. ಯಾವಾಗ ಬೇಕಾದರೂ ಗುರುಮನೆಗೆ ಬನ್ನಿರಿ. ಹೆಸರಿಡಲಾಗದೆ ಹೋದ ಆ ಮಕ್ಕಳಿಗಾಗಿ ಬಲಿಪೂಜೆಯಲ್ಲಿ ಪ್ರಾರ್ಥಿಸೋಣ. ಬರುವಾಗ ಗಂಡ ಹೆಂಡತಿ ಇಬ್ಬರೂ ಬನ್ನಿರಿ, ಆಸ್ಪತ್ರೆಯ ಚೀಟಿಗಳನ್ನೂ ತನ್ನಿರಿ.

ನಿಮ್ಮ ಧರ್ಮಗುರು