ಕೊಟ್ಟವರು ಮರೆತ ಮಾತು, ಪಡೆದವರು ಮರೆಯದ ಮಾತು

2024ರ ನವೆಂಬರ್ 19ರಂದು ನ್ಯೂಜಿಲೆಂಡಿನ ರಾಜಧಾನಿ ವೆಲ್ಲಿಂಗ್ಟನ್‌ನ ಸಂಸತ್ ಭವನದ ಮುಂದೆ ಸುಮಾರು 42 ಸಾವಿರ ಜನರು ನೆರೆದರು. ದೇಶದ ಉತ್ತರ ತುದಿಯಿಂದ ಹೊರಟು ಒಂಬತ್ತು ದಿನ ಸಾಗಿ ಬಂದ ಆ ಜಾಥಾವು ಯಾವುದೇ ಹೊಸ ಸವಲತ್ತನ್ನು ಕೇಳಲಿಲ್ಲ. 184 ವರ್ಷಗಳ ಹಿಂದೆ ಬ್ರಿಟಿಷ್ ಸಿಂಹಾಸನ ಮಾವೋರಿಗಳಿಗೆ ಕೊಟ್ಟ ಮಾತಿನ ಅರ್ಥವನ್ನು ಸರಕಾರವು ತನಗೆ ಬೇಕಾದಂತೆ ತಿದ್ದಬಾರದು ಎಂಬುದಷ್ಟೇ ಅದರ ಬೇಡಿಕೆಯಾಗಿತ್ತು. ಅದಕ್ಕೆ ಐದು ದಿನ ಮೊದಲು 22ರ ಹರೆಯದ ಮಾವೋರಿ ಸಂಸದೆ ಹಾನಾ ರಾಫಿತಿ ಮೈಪಿ ಕ್ಲಾರ್ಕ್ ಸದನದಲ್ಲಿ ಮಸೂದೆಯ ಪ್ರತಿಯನ್ನು ಹರಿದು, ತಮ್ಮ ಜನಾಂಗದ ಹಾಕಾ ಮೊಳಗಿಸಿದ ದೃಶ್ಯವನ್ನು ಜಗತ್ತು ಕುತೂಹಲದಿಂದ ನೋಡಿತು. ಆದರೆ ಆ ಮೊಳಗಿನ ಹಿಂದಿರುವ ಇತಿಹಾಸವನ್ನು ಅರಿಯುವ ಗೋಜಿಗೆ ಹೋದವರು ಎಷ್ಟು ಮಂದಿ?

1840ರ ಫೆಬ್ರವರಿ 6ರಂದು ವೈಟಾಂಗಿ ಎಂಬಲ್ಲಿ ಬ್ರಿಟಿಷ್ ರಾಣಿಯ ಪ್ರತಿನಿಧಿ ವಿಲಿಯಂ ಹೋಬ್ಸನ್ ಮತ್ತು ಮಾವೋರಿ ಕುಲಮುಖಂಡರ ನಡುವೆ ಒಪ್ಪಂದವೊಂದು ಏರ್ಪಟ್ಟಿತು. ಮುಂದಿನ ತಿಂಗಳುಗಳಲ್ಲಿ ಸುಮಾರು 540 ಮುಖಂಡರು ಅದಕ್ಕೆ ಸಹಿ ಹಾಕಿದರು. ಅವರಲ್ಲಿ ಬಹುತೇಕರು ಸಹಿ ಹಾಕಿದ್ದು ಮಾವೋರಿ ಭಾಷೆಯ ಪ್ರತಿಗೆ. ಆ ಪ್ರತಿಯ ಪ್ರಕಾರ ಅವರು ರಾಣಿಗೆ ಬಿಟ್ಟುಕೊಟ್ಟದ್ದು ಆಡಳಿತ ನಡೆಸುವ ಅಧಿಕಾರವನ್ನು ಮಾತ್ರ. ತಮ್ಮ ನೆಲ, ವಸತಿ, ಸಂಪತ್ತುಗಳ ಮೇಲಿನ ಪೂರ್ಣ ಯಜಮಾನಿಕೆ ಅವರಲ್ಲೇ ಉಳಿಯಿತು. ಆದರೆ ಇಂಗ್ಲಿಷ್ ಪ್ರತಿಯು ಅವರು ತಮ್ಮ ಸಾರ್ವಭೌಮತ್ವವನ್ನೇ ಒಪ್ಪಿಸಿದರೆಂದು ಹೇಳಿತು. ಒಂದೇ ಕಾಗದ, ಎರಡು ಭಾಷೆ, ಎರಡು ಅರ್ಥ. ಸಾಮ್ರಾಜ್ಯಶಾಹಿಗೆ ಯಾವ ಅರ್ಥ ಹಿತವೋ ಅದೇ ಕಾನೂನಾಯಿತು.

ಮುಂದೆ ನಡೆದದ್ದು ನೆಲದ ಲೂಟಿ. 1863ರ ಕಾಯ್ದೆಯೊಂದು, ಸರಕಾರವು ಬಂಡುಕೋರರೆಂದು ಕರೆದ ಕುಲಗಳ ಭೂಮಿಯನ್ನು ಮುಟ್ಟುಗೋಲು ಹಾಕಿಕೊಳ್ಳಲು ಅವಕಾಶ ಕೊಟ್ಟಿತು. ವೈಕಾಟೊ ಪ್ರದೇಶವೊಂದರಲ್ಲೇ ಸುಮಾರು 12 ಲಕ್ಷ ಎಕರೆ ಹೀಗೆ ಕೈತಪ್ಪಿತು. ಕೋವಿಗಿಂತಲೂ ಹೆಚ್ಚು ಹಾನಿ ಮಾಡಿದ್ದು ನ್ಯಾಯಾಲಯ. 1865ರಲ್ಲಿ ರೂಪುಗೊಂಡ ಭೂ ನ್ಯಾಯಾಲಯವು ಇಡೀ ಕುಲಕ್ಕೆ ಸೇರಿದ್ದ ನೆಲವನ್ನು ಕೆಲವೇ ವ್ಯಕ್ತಿಗಳ ಹೆಸರಿಗೆ ಬರೆಯಿತು. ಕುಲದ ನೆಲವನ್ನು ಕೊಳ್ಳುವುದು ಕಷ್ಟ, ಸಾಲದಲ್ಲಿ ಮುಳುಗಿದ ವ್ಯಕ್ತಿಯ ನೆಲವನ್ನು ಕೊಳ್ಳುವುದು ಸುಲಭ. 1860ರ ಸುಮಾರಿಗೆ ಉತ್ತರ ದ್ವೀಪದ ಶೇ. 80ರಷ್ಟು ಭೂಮಿ ಮಾವೋರಿಗಳದ್ದಾಗಿದ್ದರೆ, 1939ರ ವೇಳೆಗೆ ಉಳಿದದ್ದು ಶೇ. 9ರಷ್ಟು. 1877ರಲ್ಲಿ ಮುಖ್ಯ ನ್ಯಾಯಾಧೀಶರೊಬ್ಬರು ವೈಟಾಂಗಿ ಒಪ್ಪಂದಕ್ಕೆ ಕಾನೂನಿನ ಬೆಲೆಯೇ ಇಲ್ಲವೆಂದು ತೀರ್ಪಿತ್ತರು.

ಮಾವೋರಿಗಳಲ್ಲಿ ಒಗ್ಗಟ್ಟಿತ್ತೇ? ಇರಲಿಲ್ಲ. ಭೂಮಿಯ ಮಾರಾಟವನ್ನು ತಡೆಯಲು 1858ರಲ್ಲಿ ಹಲವು ಕುಲಗಳು ಒಬ್ಬ ರಾಜನನ್ನು ಆರಿಸಿಕೊಂಡರೆ, ಇನ್ನು ಕೆಲವು ಕುಲಗಳು ಬ್ರಿಟಿಷರ ಜೊತೆ ನಿಂತು ತಮ್ಮವರ ಮೇಲೆಯೇ ಕೋವಿ ಹಿಡಿದವು. ಇದನ್ನು ನಾವು ಮರೆಮಾಚಬೇಕಾಗಿಲ್ಲ. ಒಡೆದು ಆಳುವ ಕಲೆಯ ಪರಿಚಯ ನಮ್ಮ ದೇಶಕ್ಕೂ ಇದೆ. ಒಡಕಿನ ನಡುವೆಯೂ ಅವರು ಕಂಡುಕೊಂಡ ಹೋರಾಟದ ದಾರಿ ನಮ್ಮ ಗಮನಕ್ಕೆ ಅರ್ಹವಾದುದು.

ತಾರಾನಾಕಿ ಪ್ರಾಂತದ ಪರಿಹಾಕಾ ಎಂಬ ಗ್ರಾಮದ ನಾಯಕರಾದ ತೆ ಫಿತಿ ಮತ್ತು ತೋಹು ಆಯುಧಗಳನ್ನು ದೂರವಿಟ್ಟರು. 1879ರಲ್ಲಿ, ಮುಟ್ಟುಗೋಲಾದ ತಮ್ಮದೇ ನೆಲದ ಮೇಲೆ ಬಿಳಿಯರು ನೆಲೆಯೂರಲು ಹೊರಟಾಗ, ಪರಿಹಾಕಾದ ಜನರು ಅಲ್ಲಿ ನೇಗಿಲು ಹೂಡಿದರು. ಉಳುತ್ತಿದ್ದವರನ್ನು ಬಂಧಿಸಿದಾಗ ಬೇರೆಯವರು ಬಂದು ನೇಗಿಲು ಹಿಡಿದರು. ನೂರಾರು ಮಂದಿ ವಿಚಾರಣೆಯಿಲ್ಲದೆ ಸೆರೆಮನೆ ಸೇರಿದರು. 1881ರ ನವೆಂಬರ್ 5ರಂದು ಸುಮಾರು 1,600 ಸಶಸ್ತ್ರ ಜನರ ಪಡೆ ಗ್ರಾಮಕ್ಕೆ ನುಗ್ಗಿದಾಗ ಅದನ್ನು ಎದುರುಗೊಂಡದ್ದು ಮಕ್ಕಳ ಹಾಡು. ಹಿರಿಯರು ಮೌನವಾಗಿ ಕುಳಿತಿದ್ದರು. ನಾಯಕರನ್ನು ಬಂಧಿಸಲಾಯಿತು, ಮನೆಗಳನ್ನು ಕೆಡವಲಾಯಿತು, ಬೆಳೆಯನ್ನು ನಾಶಪಡಿಸಲಾಯಿತು. ದಕ್ಷಿಣ ಆಫ್ರಿಕದಲ್ಲಿ ಗಾಂಧೀಜಿಯವರ ಸತ್ಯಾಗ್ರಹ ಆರಂಭವಾದದ್ದು 1906ರಲ್ಲಿ; ಪರಿಹಾಕಾದ ನೇಗಿಲುಗಳು ಅದಕ್ಕೂ ಕಾಲು ಶತಮಾನ ಹಿಂದಿನವು. ಈ ಕ್ರೌರ್ಯಕ್ಕಾಗಿ ಸರಕಾರವು ಪರಿಹಾಕಾದಲ್ಲಿ ವಿಧಿಪೂರ್ವಕವಾಗಿ ಕ್ಷಮೆ ಕೋರಿದ್ದು 2017ರಲ್ಲಿ.

ಆ ಕ್ಷಮೆ ತಾನಾಗಿ ಬಂದುದಲ್ಲ. 1972ರಲ್ಲಿ ಮಾವೋರಿ ಭಾಷೆಯನ್ನು ಶಾಲೆಗಳಲ್ಲಿ ಕಲಿಸಬೇಕೆಂದು 30 ಸಾವಿರಕ್ಕೂ ಹೆಚ್ಚು ಸಹಿಗಳ ಮನವಿ ಸಲ್ಲಿಕೆಯಾಯಿತು. 1975ರಲ್ಲಿ 79ರ ಹರೆಯದ ಫಿನಾ ಕೂಪರ್ ಎಂಬ ಅಜ್ಜಿ ಉತ್ತರ ತುದಿಯಿಂದ ವೆಲ್ಲಿಂಗ್ಟನ್‌ವರೆಗೆ ಸುಮಾರು ಸಾವಿರ ಕಿಲೋಮೀಟರ್‌ಗಳ ಪಾದಯಾತ್ರೆಯನ್ನು ಮುನ್ನಡೆಸಿದರು. ಇನ್ನು ಒಂದು ಎಕರೆಯೂ ಹೋಗಕೂಡದು ಎಂಬುದು ಅದರ ಘೋಷಣೆ. ಅದೇ ವರ್ಷ ಒಪ್ಪಂದದ ಉಲ್ಲಂಘನೆಗಳನ್ನು ವಿಚಾರಿಸುವ ವೈಟಾಂಗಿ ನ್ಯಾಯಮಂಡಳಿ ಅಸ್ತಿತ್ವಕ್ಕೆ ಬಂತು. 1985ರಲ್ಲಿ ಅದರ ವ್ಯಾಪ್ತಿಯನ್ನು 1840ರವರೆಗೆ ಹಿಂದಕ್ಕೆ ವಿಸ್ತರಿಸಲಾಯಿತು. 1987ರಲ್ಲಿ ಮಾವೋರಿ ಅಧಿಕೃತ ಭಾಷೆಯಾಯಿತು. 1995ರಲ್ಲಿ ವೈಕಾಟೊ ಜನರಿಗೆ 17 ಕೋಟಿ ಡಾಲರ್ ಮೌಲ್ಯದ ಪರಿಹಾರ ದೊರೆಯಿತು. ಅದು ಕಳಕೊಂಡದ್ದರ ಅಲ್ಪಾಂಶವಷ್ಟೇ. ಆದರೂ ಬೆಲೆಯಿಲ್ಲದ ಕಾಗದವೆಂದು ಹೀಗಳೆಯಲ್ಪಟ್ಟ ಒಪ್ಪಂದಕ್ಕೆ ಜನರು ಬೆಲೆ ತಂದುಕೊಟ್ಟರು.

2024ರ ಮಸೂದೆಯು ಈ ಗಳಿಕೆಯ ಬುಡಕ್ಕೇ ಕೊಡಲಿ ಹಾಕಲು ಹೊರಟಿತು. ಅದು ಬಂದದ್ದು ಮಾತ್ರ ಸಮಾನತೆಯ ವೇಷದಲ್ಲಿ. ಕಾನೂನಿನ ಮುಂದೆ ಎಲ್ಲರೂ ಸಮಾನರು, ಒಂದು ಜನಾಂಗಕ್ಕೆ ಪ್ರತ್ಯೇಕ ಹಕ್ಕೇಕೆ ಎಂಬುದು ಅದರ ಪ್ರತಿಪಾದಕರ ವಾದವಾಗಿತ್ತು. ಕೇಳಲು ಇಂಪಾದ ಮಾತು. ಪ್ರತಿಯೊಬ್ಬ ಪ್ರಜೆಗೂ ಸಮಾನ ಮತ, ಸಮಾನ ರಕ್ಷಣೆ ಇರಬೇಕೆಂಬುದರಲ್ಲಿ ನಮಗೂ ತಕರಾರಿಲ್ಲ. ಆದರೆ ಕರಾರಿನಿಂದ ಹುಟ್ಟಿದ ಹಕ್ಕು ವಿಶೇಷ ಸವಲತ್ತಲ್ಲ. ಸಾಲ ಕೊಟ್ಟವನು ತನ್ನ ಹಣವನ್ನು ಮರಳಿ ಕೇಳಿದರೆ ಅದನ್ನು ಯಾರಾದರೂ ಪಕ್ಷಪಾತವೆನ್ನುತ್ತಾರೆಯೇ? ಒಬ್ಬನ ನೆಲವನ್ನು ಕಸಿದುಕೊಂಡ ಮೇಲೆ ಇಂದಿನಿಂದ ನಾವಿಬ್ಬರೂ ಸಮಾನರೆನ್ನುವುದು ನ್ಯಾಯವಲ್ಲ, ಅನ್ಯಾಯದ ಲೆಕ್ಕವನ್ನು ಅಳಿಸಿಹಾಕುವ ಉಪಾಯ.

ಆ ಜಾಥಾದಲ್ಲಿ ಮಾವೋರಿಗಳೊಂದಿಗೆ ಇತರ ಜನರೂ ಹೆಜ್ಜೆ ಹಾಕಿದ್ದರು. ಸಂಸದೀಯ ಸಮಿತಿಗೆ ಬಂದ ಸುಮಾರು ಮೂರು ಲಕ್ಷ ಅಭಿಪ್ರಾಯಗಳಲ್ಲಿ ಬಹುಪಾಲು ಮಸೂದೆಯನ್ನು ವಿರೋಧಿಸಿದವು. 2025ರ ಏಪ್ರಿಲ್ 10ರಂದು 11ರ ವಿರುದ್ಧ 112 ಮತಗಳಿಂದ ಅದು ಬಿದ್ದುಹೋಯಿತು. ಹಾಗೆಂದು ಎಲ್ಲವೂ ಸರಿಹೋಯಿತೆಂದಲ್ಲ. ಎರಡೇ ತಿಂಗಳಲ್ಲಿ, ಹಾಕಾ ಮೊಳಗಿಸಿದ ಆ ಯುವ ಸಂಸದೆಯನ್ನು 7 ದಿನ, ಅವರ ಪಕ್ಷದ ಇಬ್ಬರು ನಾಯಕರನ್ನು 21 ದಿನ ಸದನದಿಂದ ಅಮಾನತುಗೊಳಿಸಲಾಯಿತು.

ವಸಾಹತುಶಾಹಿಯ ವಿರುದ್ಧದ ಹೋರಾಟವೆಂದೊಡನೆ ಖಡ್ಗ, ಕೋವಿಗಳು ಮಾತ್ರ ನಮ್ಮ ಕಣ್ಣ ಮುಂದೆ ಬರುತ್ತವೆ. ಒಂದು ಕಾಗದವನ್ನು ಜೋಪಾನವಾಗಿ ಕಾಪಾಡುವುದು, ಅದನ್ನು ತಮ್ಮ ಭಾಷೆಯಲ್ಲೇ ಓದುವುದು, ನ್ಯಾಯಾಲಯದಲ್ಲಿ ಸೋತಾಗ ಬೀದಿಗೂ ಬೀದಿಯಿಂದ ಸಂಸತ್ತಿಗೂ ಅದನ್ನು ಕೊಂಡೊಯ್ಯುವುದು, ಮೊಮ್ಮಕ್ಕಳಿಗೆ ಅದರ ಅರ್ಥವನ್ನು ಹೇಳಿಕೊಡುವುದು ಕೂಡ ಹೋರಾಟವೇ. ತಮ್ಮ ಹಕ್ಕಿನ ದಾಖಲೆಯನ್ನು ತಾವೇ ಓದದ ಸಮುದಾಯಕ್ಕೆ ಇತರರು ಅದರ ಅರ್ಥ ಹೇಳುತ್ತಾರೆ, ಮತ್ತು ಆ ಅರ್ಥವು ಹೇಳಿದವರಿಗೇ ಅನುಕೂಲವಾಗಿರುತ್ತದೆ. ಪ್ರಜಾತಂತ್ರದಲ್ಲಿ ಬಾಳುವ ನಾವೆಲ್ಲರೂ ಈ ಪಾಠವನ್ನು ನಮ್ಮ ಮನೆಗಳಲ್ಲಿ, ನಮ್ಮ ಮಕ್ಕಳ ಮುಂದೆ ಚರ್ಚಿಸಬೇಕಾಗಿದೆ.