ಮೊದಲು ದೀಪ, ಆಮೇಲೆ ರಾಡ್

ವೆಲ್ಡಿಂಗ್ ಕೆಲಸದವರ ಮನೆಗೆ ಈ ರಾತ್ರಿಯ ಪರಿಚಯ ಹೇಳಬೇಕಾಗಿಲ್ಲ. ಹಗಲೆಲ್ಲ ಗೇಟು, ಗ್ರಿಲ್ಲು, ಟ್ರ್ಯಾಕ್ಟರ್ ಟ್ರೈಲರ್ ಎಂದು ದುಡಿದು ಬಂದವರು ಊಟ ಮಾಡಿ ಮಲಗುತ್ತಾರೆ. ನಡುರಾತ್ರಿ ಎದ್ದು ಕುಳಿತು, ಕಣ್ಣಿಗೆ ಮರಳು ಸುರಿದ ಹಾಗಿದೆ ಎಂದು ನರಳುತ್ತಾರೆ. ನೀರು ನಿಲ್ಲುವುದಿಲ್ಲ, ದೀಪ ಹಾಕಿದರೆ ಸಹಿಸಲಾಗುವುದಿಲ್ಲ. ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ ತಾಲ್ಲೂಕುಗಳಲ್ಲಿ ನಮ್ಮ ಎಷ್ಟೋ ಮನೆಗಳ ಒಲೆ ಉರಿಯುವುದು ಈ ಕೆಲಸದಿಂದಲೇ. “ವೆಲ್ಡಿಂಗ್ ಅಂದಮೇಲೆ ಇದೆಲ್ಲ ಇದ್ದದ್ದೇ” ಎಂದು ನಾವು ಒಪ್ಪಿಕೊಂಡುಬಿಟ್ಟಿದ್ದೇವೆ. ನಾನು ಒಪ್ಪುವುದಿಲ್ಲ. ಈ ನೋವಿನ ದೊಡ್ಡ ಪಾಲು ಅಂಗಡಿಯ ಕತ್ತಲೆಯಿಂದ ಬರುತ್ತದೆ, ಅದನ್ನು ತಪ್ಪಿಸಬಹುದು ಎಂಬುದು ನನ್ನ ಅಭಿಪ್ರಾಯ.

“ವೆಲ್ಡಿಂಗ್‌ನಲ್ಲೇ ಅಷ್ಟೊಂದು ಬೆಳಕಿರುವಾಗ ಇನ್ನೊಂದು ಬಲ್ಬ್ ಯಾಕೆ ಹಕೀಮ್ ಸಾಹೇಬ್ರೇ?” ಎಂದು ಕೇಳುವವರಿದ್ದಾರೆ. ಆ ಬೆಳಕು ಬರುವುದು ರಾಡ್ ತಾಗಿದ ಮೇಲೆ. ತಾಗಿಸುವ ಮೊದಲು ಜಾಯಿಂಟ್ ಎಲ್ಲಿದೆ ಎಂದು ಕಾಣಬೇಕಲ್ಲ? ನಮ್ಮ ಅಂಗಡಿಗಳು ಹೇಗಿವೆ ನೋಡಿ. ಮುಂದೆ ಒಂದು ಶಟರ್, ಒಳಗೆ ಮಸಿ ಹಿಡಿದ ಗೋಡೆ, ಮೇಲೆ ಧೂಳು ಕೂತ ಒಂದು ಬಲ್ಬ್. ಆ ಮಬ್ಬಿನಲ್ಲಿ ಕಪ್ಪು ಗಾಜಿನ ಮೂಲಕ ಏನೂ ಕಾಣುವುದಿಲ್ಲ. ಹಾಗಾಗಿ ಉಸ್ತಾದ್ ಶೀಲ್ಡ್ ಪಕ್ಕಕ್ಕೆ ಹಿಡಿದು, ಬರಿಗಣ್ಣಲ್ಲಿ ಜಾಗ ನೋಡಿ ರಾಡ್ ತಾಗಿಸುತ್ತಾರೆ, ಕಿಡಿ ಹತ್ತಿದ ಮೇಲೆ ಶೀಲ್ಡ್ ತರುತ್ತಾರೆ. ಇನ್ನು ಕೆಲವರು ಕಾಣಲಿ ಎಂದು ತೆಳು ಗಾಜು ಹಾಕುತ್ತಾರೆ, ಅಥವಾ ಸಂತೆಯ ಕಪ್ಪು ಕನ್ನಡಕದಲ್ಲೇ ಕೆಲಸ ಮುಗಿಸುತ್ತಾರೆ.

ಒಂದು ಟ್ಯಾಕ್‌ಗೆ ಅರೆ ಕ್ಷಣವೇ ಇರಬಹುದು. ಆದರೆ ಒಂದು ಗ್ರಿಲ್ಲಿಗೆ ಎಷ್ಟು ಟ್ಯಾಕ್ ಎಂದು ನೀವೇ ಎಣಿಸಿ. ಆರ್ಕ್‌ನಿಂದ ಬರುವ ಅಲ್ಟ್ರಾವಯಲೆಟ್ ಕಿರಣ ಕಣ್ಣಿನ ಮೇಲ್ಪದರವಾದ ಕಾರ್ನಿಯಾವನ್ನು ಸುಡುತ್ತದೆ. ಆ ದಿನದ ಒಂದೊಂದು ಮಿಂಚೂ ಲೆಕ್ಕಕ್ಕೆ ಸೇರುತ್ತಾ ಹೋಗುತ್ತದೆ. ನೋವು ಸಾಮಾನ್ಯವಾಗಿ ಆರರಿಂದ ಹನ್ನೆರಡು ಗಂಟೆ ಕಳೆದು ಬರುವುದರಿಂದ ಹಗಲು ತಪ್ಪು ಗೊತ್ತಾಗುವುದೇ ಇಲ್ಲ. ಕತ್ತಲಲ್ಲಿ ಕಣ್ಣಿನ ಪಾಪೆ ಹಿಗ್ಗಿರುವುದರಿಂದ ಆ ಪ್ರಖರ ಬೆಳಕು ಒಳಗಿನ ರೆಟಿನಾಕ್ಕೂ ಹೆಚ್ಚು ನುಗ್ಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2017ರಲ್ಲಿ ವೆಲ್ಡಿಂಗ್‌ನ ಹೊಗೆಯನ್ನೂ ಅದರ ಅಲ್ಟ್ರಾವಯಲೆಟ್ ಕಿರಣವನ್ನೂ ಮನುಷ್ಯರಲ್ಲಿ ಕ್ಯಾನ್ಸರ್ ತರುವವುಗಳ ಸಾಲಿಗೆ ಸೇರಿಸಿದೆ. ಕಿರಣದ ವಿಷಯದಲ್ಲಿ ಅದು ಹೇಳಿದ್ದು ಕಣ್ಣಿನ ಕ್ಯಾನ್ಸರ್ ಬಗ್ಗೆ.

ಸಾವಿರ ವರ್ಷದ ಹಿಂದೆ ಕೈರೋದಲ್ಲಿ ‘ಕಿತಾಬುಲ್ ಮನಾಜಿರ್’ ಬರೆದ ಇಬ್ನುಲ್ ಹೈಸಮ್, ಬಲವಾದ ಬೆಳಕು ಕಣ್ಣಿಗೆ ನೋವು ಕೊಡುತ್ತದೆ ಎಂಬುದನ್ನು ಗುರುತಿಸಿದ್ದರು. ಬೆಳಕು ಸಾಲದ ಕಡೆ ಸೂಕ್ಷ್ಮ ಗೆರೆಗಳು ಕಾಣುವುದಿಲ್ಲ ಎಂಬುದನ್ನೂ ಗಮನಿಸಿದ್ದರು. ನಮ್ಮ ವೆಲ್ಡರ್ ಸಹೋದರರು ಈ ಎರಡರ ನಡುವೆ ಸಿಕ್ಕಿಕೊಂಡಿದ್ದಾರೆ.

ಪರಿಹಾರ ಕಷ್ಟದ್ದಲ್ಲ. ಒಂದು ಬಲವಾದ ಎಲ್‌ಇಡಿ ದೀಪವನ್ನು ಸ್ಟ್ಯಾಂಡಿಗೆ ಕಟ್ಟಿ, ಬದಿಯಿಂದ, ಒಂದೂವರೆ ಎರಡು ಅಡಿ ದೂರದಲ್ಲಿ, ಜಾಯಿಂಟ್ ಮೇಲೆಯೇ ಬೀಳುವಂತೆ ಇಡಿ. ತಲೆಯ ಹಿಂದೆ ಇಡಬೇಡಿ, ಅಲ್ಲಿಂದ ಬೆಳಕು ಶೀಲ್ಡಿನ ಒಳಗೆ ನುಗ್ಗಿ ಗಾಜಿನಲ್ಲಿ ಪ್ರತಿಫಲಿಸುತ್ತದೆ. ಅದೇ ಕಾರಣಕ್ಕೆ ಶಟರಿಗೆ ಬೆನ್ನು ಮಾಡಿ ಕೂರಬೇಡಿ. ಆ ದೀಪದಲ್ಲಿ ರಾಡಿನ ತುದಿಯನ್ನು ಜಾಗಕ್ಕೆ ಹತ್ತಿರ ತಂದು, ಕೈ ಗಟ್ಟಿ ಮಾಡಿಕೊಂಡು, ಶೀಲ್ಡ್ ಮುಚ್ಚಿ, ಆಮೇಲೆ ತಾಗಿಸಿ. ಸಾಮಾನ್ಯ ರಾಡ್ ಕೆಲಸಕ್ಕೆ 10 ಅಥವಾ 11ನೇ ನಂಬರಿನ ಗಾಜೇ ಇರಲಿ. ತಾನಾಗಿಯೇ ಕಪ್ಪಾಗುವ ಹೆಲ್ಮೆಟ್ ಕೊಂಡವರಿಗೂ ದೀಪ ಬೇಕು. ಸುಮ್ಮನಿರುವಾಗಲೂ ಅದರ ಗಾಜು 3 ಅಥವಾ 4ನೇ ನಂಬರಿನಷ್ಟು ಕಪ್ಪಾಗಿರುತ್ತದೆ. ಒಂದು ಮಾತು ನೆನಪಿರಲಿ: ದೀಪವು ಶೀಲ್ಡಿಗೆ ಬದಲಿ ಅಲ್ಲ, ಶೀಲ್ಡ್ ಹಾಕಿಕೊಂಡೇ ಕೆಲಸ ಮಾಡಲು ಅದು ದಾರಿ.

ನೀರಿನ ಟ್ಯಾಂಕರ್ ಒಳಗೆ ಇಳಿದು ಕೆಲಸ ಮಾಡುವವರು ಮನೆಯ ಕರೆಂಟಿನ ಬಲ್ಬನ್ನು ವೈರಿಗೆ ಕಟ್ಟಿ ಇಳಿಬಿಡಬಾರದು. ಬೆವರಿದ ಮೈ, ಸುತ್ತಲೂ ಕಬ್ಬಿಣ. ವೈರ್ ಸುಲಿದಿದ್ದರೆ ಜೀವಕ್ಕೇ ಅಪಾಯ. ಇಂಥ ಜಾಗಕ್ಕೆ 24 ವೋಲ್ಟ್ ಮೀರಿದ ಕೈದೀಪ ಒಯ್ಯಬಾರದು ಎಂಬ ನಿಯಮ 1948ರ ಕಾರ್ಖಾನೆ ಕಾಯ್ದೆಯಲ್ಲೇ ಇತ್ತು. ಇಬ್ಬರು ಮೂವರು ದುಡಿಯುವ ನಮ್ಮ ಅಂಗಡಿಗೆ ಆ ಕಾಯ್ದೆಯವರು ಬಂದು ನೋಡಲಿಲ್ಲ, ಆದರೆ ಕರೆಂಟಿಗೆ ಅಂಗಡಿ ದೊಡ್ಡದೋ ಚಿಕ್ಕದೋ ಗೊತ್ತಿಲ್ಲ. ಚಾರ್ಜಿಂಗ್ ದೀಪ ಬಳಸಿ, ಹೊರಗೆ ಒಬ್ಬರನ್ನು ಕಾವಲಿಗೆ ನಿಲ್ಲಿಸಿ.

ತಾಯಂದಿರಿಗೆ, ಸಹೋದರಿಯರಿಗೆ ಒಂದು ಮಾತು. ರಾತ್ರಿ ಕಣ್ಣು ಉರಿದಾಗ ಎದೆಹಾಲು, ಜೇನು, ಸುರ್ಮಾ, ಬಾಟಲಿಯ ಗುಲಾಬ್ ಜಲ ಹಾಕುತ್ತೀರಿ. ಯುನಾನಿ ವೈದ್ಯನಾಗಿಯೇ ಹೇಳುತ್ತೇನೆ, ಗಾಯವಾದ ಕಣ್ಣಿಗೆ ಇವು ಯಾವುದೂ ಬೇಡ. ಸೋಂಕು ತಗುಲಬಹುದು, ಪೇಟೆಯ ಎಷ್ಟೋ ಸುರ್ಮಾಗಳಲ್ಲಿ ಸೀಸವೂ ಇರುತ್ತದೆ. ಮುಚ್ಚಿದ ಕಣ್ಣಿನ ಮೇಲೆ ತಣ್ಣೀರಿನ ಶುದ್ಧ ಬಟ್ಟೆ ಇಡಿ, ಕಣ್ಣು ಉಜ್ಜಲು ಬಿಡಬೇಡಿ, ಬೆಳಗಾದೊಡನೆ ಕಣ್ಣಿನ ವೈದ್ಯರಿಗೆ ತೋರಿಸಿ. ಮರಗಟ್ಟಿಸುವ ಡ್ರಾಪ್ಸನ್ನು ಮೆಡಿಕಲ್ ಶಾಪಿನಿಂದ ತಂದು ಮತ್ತೆ ಮತ್ತೆ ಹಾಕಿದರೆ ಕಾರ್ನಿಯಾ ಮಾಯುವುದೇ ಇಲ್ಲ. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಈ ಸುಟ್ಟಗಾಯ ವಾಸಿಯಾಗುತ್ತದೆ. ಒಂದೇ ಕಣ್ಣು ನೋಯುತ್ತಿದ್ದರೆ ಗ್ರೈಂಡಿಂಗ್ ಚೂರು ಕೂತಿರಬಹುದು, ಅದನ್ನು ಮನೆಯಲ್ಲಿ ಕೀಳಬೇಡಿ.

ಪಾವಗಡದ ತಿರುಮಣಿಯಲ್ಲಿ 2018ರಲ್ಲಿ ಉದ್ಘಾಟನೆಯಾದ ಸೋಲಾರ್ ಪಾರ್ಕ್ 2000 ಮೆಗಾವ್ಯಾಟ್ ವಿದ್ಯುತ್ತಿಗಾಗಿ ಕಟ್ಟಿದ್ದು. ಅಷ್ಟು ಬೆಳಕು ಹುಟ್ಟುವ ನೆಲದಲ್ಲಿ ನಮ್ಮ ಸಹೋದರರು ಒಂದು ದೀಪವಿಲ್ಲದೆ ಕಣ್ಣು ಸುಟ್ಟುಕೊಳ್ಳುವುದು ಸರಿಯೇ? ಕಣ್ಣು ಅಲ್ಲಾಹನು ಕೊಟ್ಟ ಅಮಾನತು. ಅದಕ್ಕೂ ನಮ್ಮ ಮೇಲೆ ಹಕ್ಕಿದೆ ಎಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಮಗನನ್ನು ಕೆಲಸ ಕಲಿಯಲು ಕಳಿಸುವ ಮುನ್ನ ತಂದೆಯಾದವರು ಕೂಲಿ ಎಷ್ಟು ಎಂದು ಕೇಳುತ್ತಾರೆ. ಅದರ ಜೊತೆಗೆ ಅಂಗಡಿಯೊಳಗೆ ಒಮ್ಮೆ ಹೋಗಿ ನೋಡಲಿ: ಕೆಲಸದ ಜಾಗಕ್ಕೆ ದೀಪವಿದೆಯೇ, ಪಕ್ಕದಲ್ಲಿ ನಿಂತು ಕಬ್ಬಿಣ ಹಿಡಿಯುವ ಶಾಗಿರ್ದನಿಗೂ ಒಂದು ಶೀಲ್ಡ್ ಇದೆಯೇ? ಎರಡೂ ಇಲ್ಲದಿದ್ದರೆ, ಅವು ಬರುವವರೆಗೆ ಮಗನನ್ನು ಕಳಿಸಬೇಡಿ.